ಹಬ್ಬವಿಲ್ಲದ ಮೂರು ದಿನ

2022ನೇ ಇಸವಿ. ದಸರಾ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಚನ್ನಗಿರಿಯ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನನ್ನದೊಂದು ಟ್ರಾವೆಲ್ಸ್ ಆಫೀಸು. ಆಫೀಸು ಅಂದರೆ ಒಂದು ಕೋಣೆ, ಒಂದು ಮೇಜು, ಗೋಡೆಯ ಮೇಲೆ ಎರಡು ಕ್ಯಾಲೆಂಡರು, ಹೊರಗೆ ನಿಂತ ಹದಿಮೂರು ಸೀಟಿನ ಒಂದು ಟಿಟಿ. ಟೆಂಪೋ ಟ್ರಾವೆಲರ್‌ಗೆ ನಮ್ಮ ಕಡೆ ಎಲ್ಲರೂ ಟಿಟಿ ಅಂತಲೇ ಕರೆಯುವುದು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಇದ್ದವರು ಆರು ಜನ: ನಾನು, ನನ್ನ ಡ್ರೈವರ್ ಹನುಮಂತಪ್ಪ, ಉಬ್ರಾಣಿಯಲ್ಲಿ ಹುಟ್ಟಿದ ನಾಲ್ವರು ಅಕ್ಕತಂಗಿಯರು. ಕುರ್ಚಿ ಇದ್ದದ್ದು ಐದು. ಹನುಮಂತಪ್ಪ ಬಾಗಿಲಿಗೆ ಒರಗಿ ನಿಂತಿದ್ದ.

ಉಬ್ರಾಣಿಯಲ್ಲಿ ಚಿಕ್ಕಪ್ಪನ ಮೊಮ್ಮಗನ ನಾಮಕರಣಕ್ಕೆ ಬಂದಿದ್ದವರು, ವಾಪಸ್ ಹೋಗುವ ಬಸ್ಸಿಗೆ ಇನ್ನೂ ಒಂದು ತಾಸು ಇದೆ ಎಂದು ನನ್ನ ಬಳಿ ಬಂದಿದ್ದರು. ಹಿರಿಯರು ರುದ್ರಮ್ಮ, ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟವರು. ಎರಡನೆಯವರು ನಿರ್ಮಲಮ್ಮ, ಹೊನ್ನಾಳಿ ಸೊಸೆ. ಮೂರನೆಯವರು ಶಾರದಮ್ಮ, ನ್ಯಾಮತಿ. ಕಿರಿಯಳು ಸುಮಾ, ಇಲ್ಲೇ ಚನ್ನಗಿರಿ ಪೇಟೆಯವಳು. ನನಗೆ ಮೊದಲಿಂದ ಪರಿಚಯ ಇದ್ದದ್ದು ಅವಳೊಬ್ಬಳೇ.

“ನಮಗೊಂದು ಟೂರ್ ಹಾಕಿ ಕೊಡ್ರಿ ಅಣ್ಣಾರೆ,” ಅಂದಳು ಸುಮಾ. “ನಾಲ್ಕೇ ಜನ. ಗಂಡಂದ್ರು ಬ್ಯಾಡ.”

“ಮಕ್ಳೂ ಬ್ಯಾಡ,” ಅಂದರು ಶಾರದಮ್ಮ.

“ಅತ್ತೆದೀರು?” ಹನುಮಂತಪ್ಪ ಬಾಗಿಲಿಂದಲೇ ಕೇಳಿದ.

“ನಿಮ್ಮ ಅತ್ತೇನ ಬೇಕಾದ್ರೆ ಕಳಿಸಪ್ಪ, ಡಿಕ್ಕಿನಾಗೆ ಜಾಗ ಐತೆ,” ಅಂದರು ನಿರ್ಮಲಮ್ಮ. ನಾಲ್ವರೂ ಒಂದೇ ದನಿಯಲ್ಲಿ ನಕ್ಕರು. ಒಂದೇ ಮನೆಯ ನಗು ಅದು. ಎಲ್ಲಿ ಶುರುವಾಗುತ್ತೆ, ಎಲ್ಲಿ ಉಸಿರು ಎಳೆದುಕೊಳ್ಳುತ್ತೆ, ಎಲ್ಲ ಒಂದೇ ತರಹ.

ರುದ್ರಮ್ಮನವರು ಕೊನೆಯಲ್ಲಿ ಮಾತಾಡಿದರು. “ಸಮುದ್ರ ನೋಡಬೇಕ್ರಿ. ಮೂರು ದಿನ. ಅಡಿಗೆ ಬೇರೆ ಯಾರಾದ್ರೂ ಮಾಡಿ ಬಡಿಸಬೇಕು. ನಾವು ಉಂಡು, ತಾಟು ಅಲ್ಲೇ ಬಿಟ್ಟು ಏಳಬೇಕು. ಇಷ್ಟೇ ನಮ್ಮ ಕಂಡೀಷನ್ನು.”

ಅದರಲ್ಲಿ ಏನು ಕಷ್ಟ ಅನಿಸಬಹುದು. ಕಷ್ಟ ಏನೆಂದು ಅವರೇ ಬಿಡಿಸಿ ಹೇಳಿದರು. ಈ ನಾಲ್ವರಿಗೆ ಅಣ್ಣತಮ್ಮ ಇಲ್ಲ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಒಡಹುಟ್ಟಿದವನು ಬಂದು ಕರೆದುಕೊಂಡು ಹೋಗಬೇಕು; ಆಗ ಅತ್ತೆಮನೆಯಲ್ಲಿ ಯಾರೂ ಬೇಡ ಅನ್ನುವ ಹಾಗಿಲ್ಲ. ಕರೆಯಲು ಬರುವವನೇ ಇಲ್ಲದಿದ್ದರೆ ಹೊರಡುವುದಕ್ಕೆ ನೆಪವೇ ಇಲ್ಲ. ಅದರ ಮೇಲೆ, ಪಂಚಮಿಗೆ ಅವರವರ ನಾದಿನಿಯರು ತವರಿಗೆ ಬಂದಿರುತ್ತಾರೆ. ಅವರಿಗೆ ಉಂಡೆ ಕಟ್ಟಿ ಬಡಿಸುವವರು ಇವರೇ. ತಾಯಿ ತೀರಿಕೊಂಡ ಮೇಲೆ ಉಬ್ರಾಣಿಯ ಮನೆ ಚಿಕ್ಕಪ್ಪನ ಮಕ್ಕಳ ಪಾಲಿಗೆ ಹೋಯಿತು. ಸುಮಾಳ ಮದುವೆಯ ಹಿಂದಿನ ದಿನದಿಂದ ಈಚೆಗೆ, ಹತ್ತೊಂಬತ್ತು ವರ್ಷ, ನಾಲ್ವರೂ ಒಂದೇ ಸೂರಿನ ಕೆಳಗೆ ಮಲಗಿ ಎದ್ದಿಲ್ಲ.

“ಮದುವೆ, ಮಣ್ಣು ಅಂತ ಸೇರ್ತೀವಿ ಬಿಡ್ರಿ,” ಅಂದರು ನಿರ್ಮಲಮ್ಮ. “ಆದ್ರೆ ಸಂಜಿ ಬಸ್ಸಿಗೆ ಒಬ್ಬೊಬ್ರು ಒಂದೊಂದು ದಿಕ್ಕು. ಯಾಕಂದ್ರೆ ನಾಳೆ ಯಾವುದೋ ಒಬ್ರ ಮನ್ಯಾಗೆ ಹಬ್ಬ ಇರ್ತೈತೆ.”

“ಹಬ್ಬ ಇಲ್ಲದ ಮೂರು ದಿನ ಹುಡುಕಿ ಕೊಡ್ರಿ,” ಅಂದರು ರುದ್ರಮ್ಮ. “ನಾಲ್ಕೂ ಮನ್ಯಾಗೆ ಒಟ್ಟಿಗೆ ಇಲ್ಲದ್ದು.”

ನಾನು ಎದೆ ಉಬ್ಬಿಸಿಕೊಂಡು ಒಪ್ಪಿದೆ. ನನ್ನ ವೃತ್ತಿಯ ಗುಟ್ಟೇ ಅದು. ಬೇರೆ ಟ್ರಾವೆಲ್ಸ್‌ನವರು ಶನಿವಾರ ಭಾನುವಾರ ನೋಡಿ ಪ್ಯಾಕೇಜ್ ಹಾಕುತ್ತಾರೆ. ನಾನು ತಿಥಿ ನೋಡಿ ಹಾಕುತ್ತಿದ್ದೆ. ನಮ್ಮ ಅಜ್ಜಿ ಓದು ಬರಹ ಕಲಿತವಳಲ್ಲ, ಆದರೆ ಬೆರಳಿನ ಗೆಣ್ಣುಗಳ ಮೇಲೆ ಪಾಡ್ಯದಿಂದ ಅಮಾವಾಸ್ಯೆಯವರೆಗೆ ಎಣಿಸಿ ಇವತ್ತು ಇಂಥದ್ದು ಅಂತ ಹೇಳುತ್ತಿದ್ದಳು. ಅವಳ ಪಕ್ಕ ಕೂತು ಮಾತು ಕಲಿತವನು ನಾನು. ಮಾತಿನ ಜೊತೆಗೆ ಆ ಲೆಕ್ಕವೂ ಬಂತು. ಯಾವ ಊರಿನಲ್ಲಿ ಯಾವ ಮನೆತನ ಯಾವ ಹಬ್ಬ ಯಾವ ದಿನ ಹಿಡಿಯುತ್ತೆ ಅಂತ ಗೊತ್ತಿಲ್ಲದೆ ಈ ಸೀಮೆಯಲ್ಲಿ ಟಿಟಿ ತುಂಬಿಸಲು ಆಗುವುದಿಲ್ಲ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡ್ಡಕ್ಕೆ ನಾಲ್ಕು ಮನೆ, ಉದ್ದಕ್ಕೆ ಹನ್ನೆರಡು ತಿಂಗಳು ಗೆರೆ ಹಾಕಿದೆ. ನಾಲ್ವರಿಗೂ ಫೋನ್ ಮಾಡಿ ಕೇಳಿ ಕೇಳಿ ತುಂಬಿಸಿದೆ. ಹಿರಿಯರಿಗೆ ಎಡೆ ಇಡುವ ಹಬ್ಬ ಸೊಕ್ಕೆಯ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ, ಹೊನ್ನಾಳಿಯ ಮನೆಯಲ್ಲಿ ದೀಪಾವಳಿಗೆ. ನ್ಯಾಮತಿಯವರಿಗೆ ಭೂಮಿ ಹುಣ್ಣಿಮೆ ದೊಡ್ಡದು. ಗದ್ದೆಗೆ ಎಡೆ ಒಯ್ಯಬೇಕು. ಚನ್ನಗಿರಿಯ ಮನೆಯಲ್ಲಿ ದಸರೆಯಿಂದ ಸಂಕ್ರಾಂತಿಯವರೆಗೆ ಅಡಿಕೆ ಸುಲಿಯುವ ಕೆಲಸದವರಿಗೆ ದಿನಾ ಊಟ ಹಾಕಬೇಕು. ಕಾರ್ತಿಕದ ಸೋಮವಾರಗಳು ಒಬ್ಬರಿಗೆ, ಮಾರ್ಗಶಿರದ ಗುರುವಾರಗಳು ಇನ್ನೊಬ್ಬರಿಗೆ. ಹೋಳಿಗೆ ತಟ್ಟುವ ಕೈ ಆ ಮನೆಯ ಸೊಸೆಯದೇ ಆಗಬೇಕು ಅನ್ನುವುದು ಮಾತ್ರ ನಾಲ್ಕೂ ಮನೆಯಲ್ಲಿ ಒಂದೇ. ಕೆಂಪು ಇಂಕಿನಲ್ಲಿ ಗುರುತು ಹಾಕುತ್ತಾ ಹೋದ ಹಾಗೆ ಹಾಳೆ ದಡಾರ ಎದ್ದ ಮಗುವಿನ ಮೈಯಂತೆ ಆಯಿತು.

ಕೊನೆಗೆ ಒಂದು ಕಿಂಡಿ ಸಿಕ್ಕಿತು. 2023ರ ಜನವರಿ ಕೊನೆ, ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿಗೆ ಮೊದಲು. ಎಲ್ಲರೂ ಹೂಂ ಅಂದರು. ಗೋಕರ್ಣದಲ್ಲಿ ಸಮುದ್ರ ಕಾಣುವ ಹಾಗೆ ಎರಡು ರೂಮು ಹೇಳಿಟ್ಟೆ. ಸಂಕ್ರಾಂತಿಗೆ ನಾಲ್ಕು ದಿನ ಇದೆ ಅನ್ನುವಾಗ ಶಾರದಮ್ಮ ನ್ಯಾಮತಿಯಿಂದ ಫೋನ್ ಮಾಡಿದರು. ಬೆಳೆ ಮನೆಗೆ ಬಂತು, ಮನೆದೇವರ ಸೇವೆಯನ್ನು ಅದೇ ವಾರ ಇಟ್ಟುಕೊಂಡಿದ್ದಾರೆ.

“ನಮ್ಮತ್ತೆ ಬ್ಯಾಡ ಅನ್ನಲಿಲ್ಲ ಅಣ್ಣಾರೆ,” ಅಂದರು. “ಹೋಗವ್ವ, ದೇವರಿಗೆ ನಾನೇ ಹೆಂಗೋ ಮಾಡ್ತೀನಿ, ಮಂಡಿನೋವು ಇದ್ರೂ ನಡಿತೈತೆ, ಅಂದರು. ಹಿಂಗಂದ ಮೇಲೆ ಹೋಗಾಕೆ ಆಕ್ಕೈತೇನ್ರಿ?”

ಎರಡು ದಿನ ಬಿಟ್ಟು ರುದ್ರಮ್ಮನವರು ಒಬ್ಬರೇ ಆಫೀಸಿಗೆ ಬಂದರು. ಸೊಕ್ಕೆಯಿಂದ ಜಗಳೂರು, ಜಗಳೂರಿಂದ ದಾವಣಗೆರೆ, ಅಲ್ಲಿಂದ ಚನ್ನಗಿರಿ, ಮೂರು ಬಸ್ಸು. ಅಕ್ಟೋಬರಿನಲ್ಲಿ ನೋಡಿದ್ದಕ್ಕಿಂತ ಇಳಿದಿದ್ದರು. ಕೈಬಳೆಗಳು ಮೊಣಕೈವರೆಗೆ ಹೋಗಿ ಬರುತ್ತಿದ್ದವು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ನೇರ ವಿಷಯಕ್ಕೆ ಬಂದರು.

“ನನ್ನ ಹೊಟ್ಟ್ಯಾಗೆ ಗಡ್ಡೆ ಐತ್ರಿ. ಕೆಟ್ಟ ಗಡ್ಡೆ. ಮನ್ಯಾಗೆ ನಮ್ಮ ಯಜಮಾನರಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಆ ಮೂವರಿಗಂತೂ ಹೇಳಿಲ್ಲ.”

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ತಂದರು.

“ನೀವೂ ಹೇಳಬ್ಯಾಡ್ರಿ. ಹೇಳಿದ್ರೆ ಅಳ್ತಾ ಬರ್ತಾರೆ. ಅಳೋರನ್ನ ಕಟ್ಟಿಕೊಂಡು ಸಮುದ್ರ ಏನ್ ನೋಡೋದು? ನಗ್ತಾ ಬರ್ಲಿ. ಶಾರದಿಗೆ ಆಗಲ್ಲ ಅಂದ್ರೆ ಮೂರು ಜನ ಆದ್ರೂ ಸಾಕು. ಹೊರಡಿಸಿ ಬಿಡ್ರಿ.”

ಈ ಮಾತಿಗೆ ನಾನು ಕೊಟ್ಟ ಉತ್ತರವನ್ನು ಬರೆಯಲಿಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

“ಡಾಕ್ಟ್ರು ಏನಂತಾರೆ ಅಕ್ಕಾರೆ?” ಅಂತ ಕೇಳಿದೆ.

“ಔಷಧಿ ಹಿಡಿದ್ರೆ ಒಂದು ವರ್ಷಕ್ಕೆ ಭಯ ಇಲ್ಲ ಅಂದಾರೆ.”

ನಾನು ತಕ್ಷಣ ಹಾಳೆ ಬಿಚ್ಚಿದೆ. ಆ ವರ್ಷ ಶ್ರಾವಣ ಎರಡು ಬರುತ್ತಿತ್ತು. ಚಂದ್ರನ ಲೆಕ್ಕದ ವರ್ಷ ಸೂರ್ಯನ ಲೆಕ್ಕಕ್ಕಿಂತ ಹನ್ನೊಂದು ದಿನದಷ್ಟು ಕಡಿಮೆ. ಅದನ್ನು ಸರಿತೂಗಿಸಲು ಸುಮಾರು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಅದೇ ಅಧಿಕ ಮಾಸ. ಆ ತಿಂಗಳಲ್ಲಿ ಹಬ್ಬ ಇಲ್ಲ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅದಕ್ಕೆ ಮುಂಚೆ ಬರುವ ಆಷಾಢದಲ್ಲೂ ಹಬ್ಬ ಕಡಿಮೆಯೇ, ಆದರೆ ಅದು ಸೊಕ್ಕೆ ಕಡೆ ಬಿತ್ತನೆಯ ಹೊತ್ತು. ಅಧಿಕ ಶ್ರಾವಣಕ್ಕೆ ಬಿತ್ತನೆಯೂ ಮುಗಿದಿರುತ್ತದೆ. ನಾಲ್ಕೂ ಮನೆಯ ಸಾಲಿನಲ್ಲಿ ಆ ಮೂವತ್ತು ದಿನ ಹಾಳೆ ಬೆಳ್ಳಗೆ ಉಳಿದಿತ್ತು. ಜುಲೈ ಮಧ್ಯದಲ್ಲಿ ಶುರು. ಇನ್ನು ಆರು ತಿಂಗಳು.

“ಮೂರು ಜನ ಯಾಕೆ ಅಕ್ಕಾರೆ? ನಾಲ್ಕೂ ಜನ ಹೋಗ್ತೀರಿ. ಮೂರು ದಿನ ಅಲ್ಲ, ಬೇಕಾದ್ರೆ ಎಂಟು ದಿನ ಇರ್ರಿ. ಯಾವ ಅತ್ತೆ ಏನೂ ಅನ್ನಾಕೆ ಆಗಲ್ಲ. ನಾನಿದೀನಿ.”

ಅವರು ಆ ಬಿಳಿ ಸಾಲಿನ ಮೇಲೆ ಬೆರಳಾಡಿಸಿದರು. “ಒಂದು ತಿಂಗಳು ಪೂರ್ತಿ ಹಬ್ಬ ಇಲ್ಲೇನ್ರಿ?” ಅಂದರು. ಅವರ ಮುಖ ಅರಳಿದ್ದನ್ನು ನೋಡಿ ನನಗೆ ನನ್ನ ಮೇಲೇ ಹೆಮ್ಮೆಯಾಯಿತು. ಜನವರಿಯ ರೂಮುಗಳನ್ನು ನಾನೇ ಫೋನ್ ಮಾಡಿ ಬಿಡಿಸಿದೆ. ಡಾಕ್ಟರು ಹೇಳಿದ ವರ್ಷವನ್ನು ನಾನು ಪಂಚಾಂಗದ ವರ್ಷದ ಹಾಗೆ ನಂಬಿದೆ. ಪಾಡ್ಯದಿಂದ ಅಮಾವಾಸ್ಯೆಯವರೆಗೆ ಒಂದು ದಿನವೂ ಹಿಂದೆ ಮುಂದೆ ಆಗದೆ ನಡೆಯುತ್ತದೆ ಅಂದುಕೊಂಡೆ.

ಶಿವರಾತ್ರಿಗೆ ಅವರು ಫೋನ್ ಮಾಡಿದಾಗ ದನಿ ಚೆನ್ನಾಗಿಯೇ ಇತ್ತು. “ಅಣ್ಣಾರೆ, ಆ ತಿಂಗಳು ಯಾರಾದ್ರೂ ಹೊಸ ಹಬ್ಬ ಕಂಡುಹಿಡಿದ್ರೆ ಹೇಳಿ ಬಿಡ್ರಿ,” ಅಂತ ನಗಾಡಿದರು. ಯುಗಾದಿಗೆ ನಾನೇ ಮಾಡಿದೆ. “ಬೇವು ಬೆಲ್ಲ ತಿಂದೆ. ಎರಡೂ ಒಂದೇ ತರ ಐತ್ರಿ ನಾಲಿಗೆಗೆ,” ಅಂದರು. ಔಷಧಿಯಿಂದ ಬಾಯಿರುಚಿ ಹೋಗಿತ್ತು. ನಾನು ಅದಕ್ಕೂ ಏನೋ ತಮಾಷೆಯ ಮಾತು ಸೇರಿಸಿ ಫೋನ್ ಇಟ್ಟೆ. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ನನ್ನ ಟಿಟಿ, ನನ್ನ ಹನುಮಂತಪ್ಪ, ನನ್ನ ತಲೆ ಮೂರೂ ಅದರಲ್ಲೇ ಹೋದವು. ನಡುವೆ ಒಮ್ಮೆಯೂ ಸೊಕ್ಕೆಗೆ ಹೋಗಿ ನೋಡಲಿಲ್ಲ.

ಜೂನಿನಲ್ಲಿ ಕಾರ ಹುಣ್ಣಿಮೆ ಕಳೆದ ವಾರ ಅವರ ಯಜಮಾನರು ಫೋನ್ ಮಾಡಿದರು. ಮಾತು ಬಹಳ ಕಡಿಮೆಯ ಮನುಷ್ಯ. “ಆಕಿ ಅನ್ನ ಬಿಟ್ಟಾಳೆ. ಆ ಟೂರು ಸ್ವಲ್ಪ ಹಿಂದಕ್ಕೆ ತರಾಕೆ ಆಕ್ಕೈತಾ ಕೇಳು ಅಂದಳು,” ಅಂದರು.

ಆವತ್ತೇ ನಾನು ಹೊನ್ನಾಳಿಗೆ ಹೋದೆ, ಅಲ್ಲಿಂದ ನ್ಯಾಮತಿಗೆ. ಹೋಗುವಾಗ ದಾರಿಯುದ್ದಕ್ಕೂ, ಹೇಳಬೇಕೋ ಬೇಡವೋ, ಹೇಳಬೇಕೋ ಬೇಡವೋ. ಹೊನ್ನಾಳಿಯಲ್ಲಿ ನಿರ್ಮಲಮ್ಮನ ಅತ್ತೆ ಕಾಫಿ ಕೊಟ್ಟು ಉಪಚಾರ ಮಾಡಿದರು. ಈ ವಾರವೇ ಹೊರಡಿಸೋಣ ಅಂದೆ. “ಹೋಗ್ಲಿ ಬಿಡ್ರಿ, ಯಾರು ಬ್ಯಾಡ ಅಂತಾರೆ. ಮಣ್ಣೆತ್ತಿನ ಅಮಾವಾಸ್ಯೆ ಒಂದು ಆಗ್ಲಿ,” ಅಂದರು. ಹೊಲದ ಮಣ್ಣು ತಂದು ಎತ್ತು ಮಾಡಿ ಪೂಜಿಸುವ ದಿನ ಅದು. ಇನ್ನು ಎಂಟು ದಿನವೂ ಇರಲಿಲ್ಲ. ನ್ಯಾಮತಿಯಲ್ಲೂ ಹೆಚ್ಚು ಕಡಿಮೆ ಇದೇ ಮಾತು.

ಹೊರಗೆ ಕಟ್ಟೆಯವರೆಗೆ ಬಂದ ಶಾರದಮ್ಮ ನನ್ನ ಮುಖ ನೋಡಿ, “ಯಾಕ್ರಿ ಅಣ್ಣಾರೆ, ಅಕ್ಕ ಆರಾಮ ಅದಾಳೆ ಹೌದಿಲ್ಲೋ?” ಅಂದರು.

“ಸ್ವಲ್ಪ ಸುಸ್ತು ಅಂತೆ,” ಅಂದೆ.

ಕೊಟ್ಟ ಮಾತು ಉಳಿಸಿಕೊಂಡೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಿಬಿಟ್ಟರೆ ಜನವರಿಯಲ್ಲಿ ಯಾಕೆ ಹೊರಡಿಸಲಿಲ್ಲ ಅಂತ ಕೇಳುತ್ತಾರೆ ಅನ್ನುವ ಅಳುಕೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ತೂಕದ್ದಾಗಿತ್ತು ಅಂತ ಇವತ್ತೂ ನನಗೆ ಗೊತ್ತಿಲ್ಲ.

ಅಮಾವಾಸ್ಯೆ ಆಯಿತು. ಮೂರೂ ಮನೆಯವರು ಈಗ ಹೋಗಬಹುದು ಅಂದರು. ಅಷ್ಟರಲ್ಲಿ ರುದ್ರಮ್ಮನವರಿಗೆ ಕೂರಲು ಆಗುತ್ತಿರಲಿಲ್ಲ. ಗಾಡಿಯಲ್ಲಿ ಒರಗಿಸಿಕೊಂಡು ಹೋಗೋಣ ಅಂತ ಹನುಮಂತಪ್ಪ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಸುವ ಹಾಗೆ ಮಾಡಿದ. ಗುರುವಾರ ಹೊರಡುವುದು ಅಂತ ತೀರ್ಮಾನವಾಯಿತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಸೊಕ್ಕೆಯಿಂದ ಫೋನ್ ಬಂತು.

ಸುಮಾಳ ಮನೆಗೆ ನಾನೇ ಹೋಗಿ ಹೇಳಿದೆ. ಅವಳು ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಗಾಡಿ ಹತ್ತಿದಳು. ನ್ಯಾಮತಿಗೆ ಹೋದಾಗ ಶಾರದಮ್ಮ ರಸ್ತೆಗೆ ಬಂದು ನಿಂತಿದ್ದರು. ಮಂಡಿನೋವಿನ ಅತ್ತೆ ಅವರ ಕೈಹಿಡಿದು ಹತ್ತಿಸಿ, “ಎಷ್ಟು ದಿನ ಆದ್ರೂ ಇರವ್ವ, ಮನೆ ಚಿಂತಿ ಮಾಡಬ್ಯಾಡ,” ಅಂದರು. ಹೊನ್ನಾಳಿಯಲ್ಲಿ ನಿರ್ಮಲಮ್ಮನನ್ನು ಅವರ ಅತ್ತೆಯೇ ಗಾಡಿವರೆಗೆ ತಬ್ಬಿಕೊಂಡು ಬಂದರು. ಚನ್ನಗಿರಿ ಬಿಟ್ಟ ಎರಡು ತಾಸಿನೊಳಗೆ ಮೂವರೂ ನನ್ನ ಟಿಟಿಯಲ್ಲಿದ್ದರು. ಎಂಟು ತಿಂಗಳು ನಾಲ್ಕು ಸಾಲಿನ ಹಾಳೆ ಇಟ್ಟುಕೊಂಡು ನನಗೆ ಮಾಡಲಾಗದೆ ಇದ್ದದ್ದು ಅದು. ಆವತ್ತು ಯಾವ ಮನೆಯಲ್ಲೂ ಯಾರೂ ಕ್ಯಾಲೆಂಡರ್ ನೋಡಲಿಲ್ಲ.

ದಾವಣಗೆರೆ ದಾಟುವವರೆಗೆ ಮೂವರೂ ಅತ್ತರು. ಆಮೇಲೆ ನಿರ್ಮಲಮ್ಮ ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಅಂದರು.

“ನಿಮಗೆ ಗೊತ್ತಿತ್ತು.”

ಸುಳ್ಳು ಹೇಳಲು ಶಕ್ತಿ ಇರಲಿಲ್ಲ. ಗೊತ್ತಿತ್ತು ಅಂದೆ. ಯಾವಾಗಿಂದ ಅಂದರು. ಸಂಕ್ರಾಂತಿಯಿಂದ ಅಂದೆ. ಮೂರು ಜನ ಆದರೂ ಸಾಕು ಅಂತ ಅಕ್ಕ ಹೇಳಿದ್ದನ್ನೂ, ನಾಲ್ಕೂ ಜನ ಅಂತ ನಾನು ಹಟ ಹಿಡಿದದ್ದನ್ನೂ ಹೇಳಿದೆ.

ಹನುಮಂತಪ್ಪ ಗೇರ್ ಬದಲಿಸಿದ. ಆಮೇಲೆ ಹಿಂದಿನಿಂದ ಶಾರದಮ್ಮನ ದನಿ ಬಂತು.

“ನನ್ನ ಬಿಟ್ಟು ಹೋಗಿದ್ರೆ ಏನಾಗ್ತಿತ್ರಿ? ನಾಲ್ಕು ದಿನ ಮುಖ ಊದಿಸಿಕೊಂಡು ಇರ್ತಿದ್ದೆ. ಅಷ್ಟೇ ತಾನೆ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಾಯಿತು ಅಂತ ಕೇಳುವವರ ಹಾಗೆ ಕೇಳಿದರು.

ಸೊಕ್ಕೆಯಲ್ಲಿ ಮೂವರೂ ಅಕ್ಕನ ಬಳಿ ಕೂತರು. ಸುಮಾ ಅವರ ಪಾದ ತೊಡೆಯ ಮೇಲಿಟ್ಟುಕೊಂಡಿದ್ದಳು. ಮಧ್ಯಾಹ್ನ ಮಣ್ಣಾಯಿತು. ಊರಿನ ಹೆಂಗಸರು ಅಡುಗೆ ಮಾಡಿ ತಂದು ಮೂವರಿಗೂ ಬಡಿಸಿದರು. ತಾಟನ್ನೂ ಅವರೇ ಎತ್ತಿಕೊಂಡು ಹೋದರು, ಸಾವಿನ ಮನೆಯವರು ಕೆಲಸ ಮುಟ್ಟಬಾರದು ಅಂತ. ನಾನು ಎದ್ದು ಹೊರಗೆ ಹೋಗಿ ಗಾಡಿಯ ಹಿಂದೆ ನಿಂತೆ.

ಅಧಿಕ ಶ್ರಾವಣ ಬಂತು. ಹೇಳಿದ ದಿನಕ್ಕೇ ಬಂತು. ಮೂರೂ ಮನೆಯಲ್ಲಿ ಹಬ್ಬವಿರಲಿಲ್ಲ. ಸೊಕ್ಕೆಯ ಮನೆಯಲ್ಲಿ ಸಾವಾದ್ದರಿಂದ ಆ ವರ್ಷ ಪೂರ್ತಿ ಹಬ್ಬವಿರಲಿಲ್ಲ. ನಾನು ಸುಮಾಳಿಗೆ ಫೋನ್ ಮಾಡಿ, ನೀವು ಮೂವರಾದರೂ ಹೋಗಿ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವಳು, “ಬ್ಯಾಡ್ರಿ ಅಣ್ಣಾರೆ,” ಅಂತಷ್ಟೇ ಹೇಳಿದಳು. ಆ ತಿಂಗಳು ಮೂವರಲ್ಲಿ ಒಬ್ಬರೂ ಮನೆಯ ಹೊಸಿಲು ದಾಟಿ ಎಲ್ಲಿಗೂ ಹೋಗಲಿಲ್ಲ ಅಂತ ಆಮೇಲೆ ತಿಳಿಯಿತು.

ಮೂರು ದಶಕ ಜನರನ್ನು ಊರಿಂದ ಊರಿಗೆ ಕರೆದುಕೊಂಡು ಹೋಗಿದ್ದೇನೆ. ಕೆಲಸ ನನಗೆ ಕಲಿಸಿದ್ದು ಇದೊಂದು. ಎಲ್ಲರಿಗೂ ಹೊಂದುವ ದಿನವನ್ನು ಹುಡುಕಿ ಕೊಡುತ್ತೇನೆ ಅನ್ನುವವನನ್ನು ನಂಬಬಾರದು, ಅವನು ನಾನೇ ಆಗಿದ್ದರೂ. ಅದಾದ ಮೇಲೆ ಯಾರಾದರೂ ಟೂರ್ ಕೇಳಿಕೊಂಡು ಬಂದರೆ ಮೊದಲು, ಈ ವಾರ ಯಾರು ಯಾರು ಬರಬಲ್ಲಿರಿ ಅಂತ ಕೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಬೇರೆ ಟ್ರಾವೆಲ್ಸ್‌ಗೆ ಹೋಗುತ್ತಿದ್ದರು. ಹೋಗಲಿ ಅಂತ ಬಿಡುತ್ತಿದ್ದೆ. ಇದನ್ನು ಕಲಿತದ್ದರಿಂದ ನನಗೆ ಸಮಾಧಾನ ಸಿಕ್ಕಿತು ಅಂತ ಮಾತ್ರ ಹೇಳಲಾರೆ.

ಆ ಅಧಿಕ ಮಾಸದ ಎರಡನೇ ವಾರದಲ್ಲಿ ಒಂದು ದಿನ ರುದ್ರಮ್ಮನವರ ಯಜಮಾನರು ಒಬ್ಬರೇ ನನ್ನ ಆಫೀಸಿಗೆ ಬಂದರು. ಕುರ್ಚಿ ತೋರಿಸಿದೆ, ಕೂತರು. ನೀರು ಕೊಟ್ಟೆ, ಕುಡಿದರು. ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಾ ಕೇಳಿದರು.

“ಸಮುದ್ರ ಇಲ್ಲಿಂದ ಎಷ್ಟು ದೂರ ಐತ್ರಿ?”

“ಆರು ತಾಸು,” ಅಂದೆ.

“ಹಂಗಾದ್ರೆ ಬೆಳಿಗ್ಗೆ ಹೋಗಿ, ನೋಡಿಕೊಂಡು, ಅವತ್ತೇ ವಾಪಸ್ ಬರಬೋದಿತ್ತಾ?”

ಬರಬಹುದಿತ್ತು ಅಂದೆ.

ಅವರು ತಲೆಯಾಡಿಸಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು, ದಾವಣಗೆರೆ ಬಸ್ಸಿಗೆ ಹೋದರು.